ಕೂಡಿದ 53, ಕೂಡದ 7
ನಂಜನಗೂಡು, ತಿ. ನರಸೀಪುರ ಎರಡೂ 766ನೇ ರಾಷ್ಟ್ರೀಯ ಹೆದ್ದಾರಿಯ ಮೇಲಿನ ಊರುಗಳು. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವರಿಗೆ ಇಲ್ಲಿ ಬರವಿಲ್ಲ. ರಾಡ್ ಹಾಕಿಸಿ ತಿಂಗಳುಗಟ್ಟಲೆ ಕಾದರೂ ಮೂಳೆ ಕೂಡದವರಿಗೆ ಈಗ ಸ್ಟೆಮ್ ಸೆಲ್ ಎಂಬ ಆಸೆ ಹುಟ್ಟಿದೆ. ಆ ಆಸೆಗೆ ಆಧಾರವಾಗಿ ಮತ್ತೆ ಮತ್ತೆ ಉದ್ಧರಿಸುವ ಪ್ರಬಂಧವೊಂದಿದೆ: ಫ್ರಾನ್ಸಿನ ಫಿಲಿಪ್ ಎರ್ನಿಗೂ ಮತ್ತು ಸಂಗಡಿಗರದು, 2005ರದು. ಹೊಗಳುವವರು ಅದನ್ನು ಅರ್ಧ ಮಾತ್ರ ಓದಿದ್ದಾರೆ.

ಸೊಂಟದ ಮೂಳೆಯಿಂದ ಮಜ್ಜೆ ಎಳೆದು, ಯಂತ್ರದಲ್ಲಿ ತಿರುಗಿಸಿ ಸಾಂದ್ರಗೊಳಿಸಿ, ಮುರಿದ ಜಾಗಕ್ಕೆ ಸುಮಾರು 20 ಮಿ.ಲೀ. ಚುಚ್ಚಿದರು. 60 ಮಂದಿಯಲ್ಲಿ 53 ಮಂದಿಗೆ ಮೂಳೆ ಕೂಡಿತು. ಹೊಗಳುವವರ ಬಾಯಲ್ಲಿ ಕೇಳಿಸುವುದು ಇಷ್ಟೇ. ಪ್ರಬಂಧದ ಜೀವವಿರುವುದು ಉಳಿದ 7 ಮಂದಿಯಲ್ಲಿ. ಎಲ್ಲರ ಸರಾಸರಿ ತೆಗೆದರೆ ಒಬ್ಬೊಬ್ಬರಿಗೆ ಹೋದ ಮೂಲಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, 51 ಸಾವಿರ. ಈ ಏಳು ಮಂದಿಗೆ ಹೋದದ್ದು 19 ಸಾವಿರದಷ್ಟು. ಮಜ್ಜೆಯ ಹತ್ತು ಸಾವಿರ ಕೋಶಗಳಲ್ಲಿ ಇಂಥದ್ದು ಒಂದು ಸಿಕ್ಕರೆ ಹೆಚ್ಚು. ಸೂಜಿಯನ್ನು ಒಂದೇ ಕಡೆ ನಿಲ್ಲಿಸಿ ಸಿರಿಂಜು ತುಂಬ ಎಳೆದರೆ ಬರುವುದು ಬಹುಪಾಲು ರಕ್ತ. ಸೂಜಿ ಸರಿಸುತ್ತ, ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಅಂದರೆ ಚಿಕಿತ್ಸೆಯ ಹೆಸರು ಒಂದೇ ಆದರೂ ಒಳಗೆ ಹೋಗುವ ಸರಕು ಒಂದೇ ಅಲ್ಲ. ಎಣಿಸದೆ ಚುಚ್ಚಿ ಎರ್ನಿಗೂ ಹೆಸರು ಹೇಳುವುದು ಆತನಿಗೇ ಮಾಡುವ ಅನ್ಯಾಯ.

ಪ್ರಬಂಧಕ್ಕೂ ಕುಂದುಂಟು. ಮಜ್ಜೆ ಬಡವಾಗಿದ್ದವರ ಮೂಳೆ ಬೇರೆ ಕಾರಣಕ್ಕೇ ಕೂಡದೆ ಹೋಗಿರಬಹುದಲ್ಲ? ಹೋಲಿಸಿ ನೋಡಲು ಮಜ್ಜೆ ಚುಚ್ಚದ ಗುಂಪೇ ಅಲ್ಲಿಲ್ಲ.

ಇಷ್ಟನ್ನೇ ಹಿಡಿದುಕೊಂಡು ನಮ್ಮ ಕೆಲವು ವಿಚಾರವಾದಿ ಅಂಕಣಕಾರರು, ಮಜ್ಜೆ ಚುಚ್ಚುವುದಕ್ಕೂ ನಾಟಿ ವೈದ್ಯರ ಬಿದಿರು ದಬ್ಬೆ, ಮೊಟ್ಟೆಯ ಬಿಳಿಗೂ ವ್ಯತ್ಯಾಸವಿಲ್ಲ ಎಂದು ತೀರ್ಪು ಕೊಡುತ್ತಾರೆ. ಇದು ಸೋಮಾರಿ ಬುದ್ಧಿಯ ಮಾತು. ಹೊಸ ಮುರಿತ ಅಲುಗದಂತೆ ಕಟ್ಟಿದರೆ ಹೆಚ್ಚಿನವು ತಾವಾಗಿಯೇ ಕೂಡುತ್ತವೆ. ಹೆಸರು ನಾಟಿ ವೈದ್ಯರಿಗೆ ಹೋಗುತ್ತದೆ. ಎರ್ನಿಗೂ ಕೈಗೆತ್ತಿಕೊಂಡದ್ದು ತಾನಾಗಿ ಕೂಡುವುದನ್ನೇ ಬಿಟ್ಟಿದ್ದ ಮೂಳೆಗಳನ್ನು. ಅಲ್ಲಿ 53 ಎಂಬುದು ಹಗುರವಾದ ಸಂಖ್ಯೆಯಲ್ಲ. ಸಂಶಯಪಡುವವರೂ ಕೊಂಚ ಓದಿಕೊಳ್ಳಬೇಕು.

ಹಾಗೆಂದು ಮಾರುವವರಿಗೆ ನನ್ನ ವೋಟಿಲ್ಲ. ಚುಚ್ಚಿಸಿಕೊಳ್ಳಲು ಹೊರಟವರು ಎರಡು ಪ್ರಶ್ನೆ ಕೇಳಲಿ: ಕೋಶಗಳನ್ನು ಎಣಿಸುತ್ತೀರಾ? ಇದು ನೋಂದಾಯಿತ ಟ್ರಯಲ್ಲೇ? ರಕ್ತದ ಕಾಯಿಲೆಗಳ ಮಜ್ಜೆ ಕಸಿಯಂಥ ಒಪ್ಪಿತ ಚಿಕಿತ್ಸೆ ಬಿಟ್ಟು ಉಳಿದ ಸ್ಟೆಮ್ ಸೆಲ್ ಪ್ರಯೋಗ ಟ್ರಯಲ್ಲಿನೊಳಗೇ ನಡೆಯಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ. ಟ್ರಯಲ್ಲಿಗೆ ರೋಗಿಯಿಂದ ದುಡ್ಡು ವಸೂಲಿ ಮಾಡುವಂತಿಲ್ಲ.