ಕೂಡುವ ಸ್ವಿಚ್ಚು

ದಾವಣಗೆರೆಯಿಂದ ಹರಿಹರದ ಕಡೆ ಹೊರಟರೆ ನಡುವೆ ನಮ್ಮ ಬಾತಿ. ರಸ್ತೆ ಎಷ್ಟೇ ಅಗಲವಾಗಲಿ, ಹರಿಹರ ಹತ್ತಿರಕ್ಕೆ ಬರುವುದಿಲ್ಲ. ಒಮ್ಮೆಗೆ ಹೆಚ್ಚು ಗಾಡಿ ಓಡಾಡುತ್ತವೆ, ಅಷ್ಟೆ. ಕಂಪ್ಯೂಟರ್ ಜಾಲವೂ ಹೀಗೆಯೇ. ಹತ್ತಾರು ಕಂಪ್ಯೂಟರ್ ಜೋಡಿಸಿ ಒಂದೇ ಲೆಕ್ಕ ಮಾಡಿಸುವ ಕ್ಲಸ್ಟರ್‌ಗೆ ನೆಟ್‌ವರ್ಕ್ ಕೊಳ್ಳುವಾಗ ಮೊದಲು ಬರುವ ಪ್ರಶ್ನೆ ಅಗಲದ್ದು: ಎಷ್ಟು ಗಿಗಾಬಿಟ್? ಸಣ್ಣದೊಂದು ಸಂದೇಶ ಆ ತುದಿ ಮುಟ್ಟಲು ಎಷ್ಟು ಹೊತ್ತು ಎಂಬುದು ಕೊಟೇಶನ್‌ನಲ್ಲಿ ಇರುವುದೇ ಅಪರೂಪ.

ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಈ ಎರಡನೇ ಪ್ರಶ್ನೆಯನ್ನು ಹಿಡಿದು ಕೂತಿತು. 1986ರಲ್ಲಿ ಇಂಟೆಲ್ 8086 ಚಿಪ್‌ಗಳಿಂದ ಅಲ್ಲಿ ಹುಟ್ಟಿದ 'ಫ್ಲೊಸಾಲ್ವರ್' ನಮ್ಮ ದೇಶದ ಮೊದಮೊದಲ ಸಮಾಂತರ ಗಣಕಗಳಲ್ಲಿ ಒಂದು. ಅದರ ನಂತರದ ಪೀಳಿಗೆಯೊಂದಕ್ಕೆ ಅವರು ತಾವೇ ರೂಪಿಸಿದ 'ಫ್ಲೊಸ್ವಿಚ್' ನನಗೆ ಇಂದಿಗೂ ಮೆಚ್ಚುಗೆಯ ವಸ್ತು. ಅವರ ಹವಾಮಾನದ ಲೆಕ್ಕದಲ್ಲಿ ಪ್ರತಿ ಹೆಜ್ಜೆಗೂ ಎಲ್ಲ ಪ್ರೊಸೆಸರ್‌ಗಳ ಅಂಕಿಗಳನ್ನು ಕೂಡಿ, ಮೊತ್ತವನ್ನು ಮತ್ತೆ ಎಲ್ಲರಿಗೂ ಹಂಚಬೇಕು. ಸಾಮಾನ್ಯ ಸ್ವಿಚ್ಚು ಅಂಕಿಯನ್ನು ಇಲ್ಲಿಂದ ಅಲ್ಲಿಗೆ ದಾಟಿಸಿ ಸುಮ್ಮನಾಗುತ್ತದೆ. ಫ್ಲೊಸ್ವಿಚ್ ದಾಟಿಸುವಾಗಲೇ ಕೂಡುತ್ತಿತ್ತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಮೆಲನಾಕ್ಸ್ ಕಂಪನಿಯ ಇನ್ಫಿನಿಬ್ಯಾಂಡ್ ಎಂಬ ವೇಗದ ಜಾಲದ ಸ್ವಿಚ್ಚುಗಳೂ ಇದೇ ಕೆಲಸ ಕಲಿತು ಮಾರುಕಟ್ಟೆಗೆ ಬಂದವು.

ಹಾಗೆಂದು ಎಲ್ಲರೂ ಅದೇ ದಾರಿ ಹಿಡಿಯಬೇಕಿತ್ತು ಎನ್ನಲಾರೆ. ಸ್ವಂತ ಸ್ವಿಚ್ಚು ಎಂದರೆ ಸ್ವಂತ ಡ್ರೈವರ್, ಸ್ವಂತ ಲೈಬ್ರರಿ. ಮದರ್‌ಬೋರ್ಡಿನ ಸ್ಲಾಟ್ ಬದಲಾದರೆ ಕಾರ್ಡೂ ಹೊಸದಾಗಬೇಕು. ಅಂಗಡಿಯ ಸಾಮಾನು ವರ್ಷವರ್ಷಕ್ಕೂ ವೇಗ ಪಡೆಯುವಾಗ ಪುಟ್ಟ ತಂಡವೊಂದು ಅದರ ಸಮಕ್ಕೆ ಓಡುವುದು ಬಲು ಕಷ್ಟ. ಐಐಎಸ್‌ಸಿಗೆ 2015ರಲ್ಲಿ ಬಂದ ಸೂಪರ್‌ಕಂಪ್ಯೂಟರ್ 'ಸಹಸ್ರ‌ಟಿ' ಕ್ರೇ ಕಂಪನಿಯ 'ಏರೀಸ್' ಜಾಲವನ್ನು ಹೊತ್ತೇ ಬಂತು, ಸ್ವಂತ ಸ್ವಿಚ್ಚಿನ ಮಾತೇ ಇರಲಿಲ್ಲ.

ಇನ್ನು ನಮ್ಮ ದಾವಣಗೆರೆಯ ಕಾಲೇಜು ಲ್ಯಾಬಿನ ಅಳತೆಗೆ ಬರೋಣ. ಎಂಟು ಬೈಟ್‌ನ ಒಂದು ಸಂಖ್ಯೆ ಕಳಿಸಲೂ ಈಥರ್ನೆಟ್‌ಗೆ ಕನಿಷ್ಠ 64 ಬೈಟ್‌ನ ಫ್ರೇಮ್ ಬೇಕು. ಗಿಗಾಬಿಟ್ ತಂತಿಗೆ ಅದನ್ನು ಏರಿಸಲು ಸುಮಾರು ಅರ್ಧ ಮೈಕ್ರೊಸೆಕೆಂಡ್ ಸಾಕು. ಆದರೆ ಆಪರೇಟಿಂಗ್ ಸಿಸ್ಟಮ್, ಟಿಸಿಪಿ ಎಲ್ಲ ದಾಟಿ ಆಚೆಯ ಪ್ರೋಗ್ರಾಂ ಕೈಗೆ ಅದು ಸಿಗುವಷ್ಟರಲ್ಲಿ ಹತ್ತಾರು ಮೈಕ್ರೊಸೆಕೆಂಡ್ ಆಗಿರುತ್ತದೆ. ಇನ್ಫಿನಿಬ್ಯಾಂಡ್ ಕಾರ್ಡು ನೇರವಾಗಿ ಎದುರಿನ ಯಂತ್ರದ ಮೆಮೊರಿಗೇ ಬರೆಯುವುದರಿಂದ ಒಂದೆರಡು ಮೈಕ್ರೊಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ದುಬಾರಿ ಕಾರ್ಡಿಗೆ ಕೊಡುವ ಹಣ ಈ ವ್ಯತ್ಯಾಸಕ್ಕೆ.

ಈ ವ್ಯತ್ಯಾಸ ಎಲ್ಲರಿಗೂ ಬೇಕೆ? ಒಂದೇ ಪ್ರೋಗ್ರಾಂ ಅನ್ನು ಬೇರೆಬೇರೆ ಇನ್‌ಪುಟ್ ಕೊಟ್ಟು ನೂರು ಸಲ ಓಡಿಸುವ ವಿದ್ಯಾರ್ಥಿಗೆ ಬೇಡ. ಅಲ್ಲಿ ಯಂತ್ರಗಳು ಒಂದರೊಡನೊಂದು ಮಾತಾಡುವುದೇ ಕಡಿಮೆ. 24 ಪೋರ್ಟ್‌ನ ಗಿಗಾಬಿಟ್ ಸ್ವಿಚ್ಚು ಕೊಂಡು, ಉಳಿದ ಹಣವನ್ನು ರ‍್ಯಾಮ್‌ಗೆ ಹಾಕುವುದೇ ಸರಿ. ಗಾಳಿ, ನೀರಿನ ಹರಿವಿನ ಲೆಕ್ಕ ಮಾಡುವವರ ಕಥೆ ಬೇರೆ. ಅವರು ಯಂತ್ರಗಳನ್ನು ಹೆಚ್ಚಿಸುತ್ತ ಹೋದಂತೆ ಒಂದೊಂದರ ಪಾಲಿನ ಲೆಕ್ಕ ಕಿರಿದಾಗುತ್ತದೆ, ಪರಸ್ಪರ ಕಾಯುವ ಹೊತ್ತು ಮಾತ್ರ ಕರಗುವುದಿಲ್ಲ. ಅವರು ಆರ್ಡರ್ ಕೊಡುವ ಮುಂಚೆ ತಮ್ಮದೇ ಪ್ರೋಗ್ರಾಂ ಅನ್ನು ಎರಡು, ನಾಲ್ಕು, ಎಂಟು ಯಂತ್ರಗಳಲ್ಲಿ ಓಡಿಸಿ, ಕಾಯುವುದರಲ್ಲೇ ಎಷ್ಟು ಸಮಯ ಹೋಯಿತೆಂದು ಬರೆದುಕೊಂಡು, ಆ ಹಾಳೆಯನ್ನು ಕೊಟೇಶನ್ ಜೊತೆಗಿಟ್ಟು ನೋಡಲಿ.