ಹೇಳುವ ಬೆಲೆ, ಕೊಡುವ ಬೆಲೆ, ಬರೆಯುವ ಬೆಲೆ

ಹಾಸನದ ಸಾಲಗಾಮೆ ರಸ್ತೆಯ ಆಸುಪಾಸಿನಲ್ಲಾಗಲಿ, ಹೊಳೆನರಸೀಪುರದ ಹಳೆಯ ಕೇರಿಗಳಲ್ಲಾಗಲಿ, ಚನ್ನರಾಯಪಟ್ಟಣದ ಹೆದ್ದಾರಿಯಂಚಿನ ಹೊಸ ಬಡಾವಣೆಗಳಲ್ಲಾಗಲಿ, ಮಾರಾಟಕ್ಕೆ ನಿಂತ ಮನೆಯೊಂದಕ್ಕೆ ಏಕಕಾಲದಲ್ಲಿ ಮೂರು ಬೆಲೆಗಳಿರುವುದುಂಟು: ದಲ್ಲಾಳಿಯು ಹೇಳುವುದೊಂದು, ಕೊಳ್ಳುವವನು ಕಡೆಗೆ ಕೊಡುವುದೊಂದು, ಉಪ ನೋಂದಣಾಧಿಕಾರಿಯ ಕಚೇರಿಯಲ್ಲಿ ಬರೆಯಿಸುವುದು ಮತ್ತೊಂದು. ಮೊದಲನೆಯದು ಊರಿಗೆಲ್ಲ ಕೇಳಿಸುತ್ತದೆ. ಮೂರನೆಯದು ಸರ್ಕಾರದ ದಾಖಲೆಯಲ್ಲಿ ಶಾಶ್ವತವಾಗಿ ನಿಲ್ಲುತ್ತದೆ. ಯಾವುದು ನಿಜವೋ ಆ ನಡುವಣ ಬೆಲೆ ಮಾತ್ರ ಮೂರು ನಾಲ್ಕು ಮಂದಿಯ ನೆನಪಿನಲ್ಲಿದ್ದು ಕಾಲಕ್ರಮದಲ್ಲಿ ಅಳಿದುಹೋಗುತ್ತದೆ. ದಲ್ಲಾಳಿಯ ಬೆಲೆಗಟ್ಟುವ ಪದ್ಧತಿಯ ಗುಣದೋಷಗಳನ್ನು ತೂಗಲು ಹೊರಟವನು ಈ ವಿಪರೀತ ಸ್ಥಿತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಒಂದು ಹೆಜ್ಜೆಯನ್ನೂ ಇಡಲಾರನು.

ಪದ್ಧತಿಯ ಬಾಹ್ಯರೂಪವೇನೋ ಸರಳವಾದದ್ದು. ಮೊದಲು ನಿವೇಶನ, ಅನಂತರ ಕಟ್ಟಡ. ಮೂವತ್ತಕ್ಕೆ ನಲವತ್ತು ಅಳತೆಯ 1200 ಚದರಡಿಯ ನಿವೇಶನಕ್ಕೆ ಆ ಬೀದಿಯಲ್ಲಿ ನಡೆಯುತ್ತಿರುವ ದರ ಚದರಡಿಗೆ 2500 ರೂಪಾಯಿ ಎಂದು ಲೆಕ್ಕದ ಸಲುವಾಗಿ ಇಟ್ಟುಕೊಂಡರೆ ಭೂಮಿಯ ಬಾಬು 30 ಲಕ್ಷವಾಗುತ್ತದೆ. ಅದರ ಮೇಲಿನ ಹನ್ನೆರಡು ಚದರದ ಮನೆಯನ್ನು ಇಂದು ಕಟ್ಟಿಸಿದರೆ ಆಗಬಹುದಾದ ವೆಚ್ಚದಲ್ಲಿ ಅದರ ವಯಸ್ಸಿಗೆ ತಕ್ಕಷ್ಟನ್ನು ಕಳೆದು 15 ಲಕ್ಷವೆಂದು ಹಿಡಿದರೆ ಒಟ್ಟು 45 ಲಕ್ಷ. ಇದಕ್ಕೆ ಪೂರ್ವದ ಬಾಗಿಲು, ಮೂಲೆಯ ನಿವೇಶನ, ಅಗಲವಾದ ರಸ್ತೆ, ಬತ್ತದ ಕೊಳವೆಬಾವಿ ಇವು ಕೂಡುವ ಅಂಶಗಳು. ದಕ್ಷಿಣದ ಬಾಗಿಲು, ಓಣಿ, ಅಣ್ಣತಮ್ಮಂದಿರ ವ್ಯಾಜ್ಯ ಇವು ಕಳೆಯುವ ಅಂಶಗಳು. ಹಾಸನ ನಗರಾಭಿವೃದ್ಧಿ ಪ್ರಾಧಿಕಾರದ (ಹುಡಾ) ಅನುಮೋದನೆ ಪಡೆದ ಬಡಾವಣೆಯೋ, ಕಂದಾಯ ಭೂಮಿಯಲ್ಲಿ ಸುಮ್ಮನೆ ಗೆರೆ ಎಳೆದು ಮಾಡಿದ ನಿವೇಶನವೋ ಎಂಬುದು, ಮತ್ತು ಇ-ಖಾತೆ ಇದೆಯೋ ಇಲ್ಲವೋ ಎಂಬುದು, ಗೋಡೆಯ ಗಟ್ಟಿತನಕ್ಕಿಂತಲೂ ಹೆಚ್ಚಾಗಿ ಬೆಲೆಯನ್ನು ಏರಿಳಿಸುವುದು. ಇಷ್ಟೆಲ್ಲ ಆದಮೇಲೆ, ಚೌಕಾಸಿಯಲ್ಲಿ ಬಿಟ್ಟುಕೊಡುವುದಕ್ಕೆಂದು ಒಂದು ಮೊತ್ತವನ್ನು ಸೇರಿಸಿ, ಹೇಳುವುದಕ್ಕೂ ಕೇಳುವುದಕ್ಕೂ ದುಂಡಾಗಿರಲೆಂದು 50 ಲಕ್ಷವೆಂದು ಘೋಷಿಸುತ್ತಾರೆ. "ಓನರ್ ಐವತ್ತು ಹೇಳ್ತಾರೆ ಸಾರ್, ಎದುರಿಗೆ ಕುಂತ್ರೆ ಹೆಚ್ಚುಕಮ್ಮಿ ಆಗುತ್ತೆ" ಎಂಬ ಮಾತಿನಲ್ಲಿ ಈ ಕೊನೆಯ ಐದು ಲಕ್ಷದ ಸ್ವರೂಪವೆಲ್ಲ ಅಡಗಿದೆ.

ಈ ಲೆಕ್ಕವನ್ನು ಅಜ್ಞಾನದ ಫಲವೆಂದು ತಳ್ಳಿಹಾಕುವುದು ನ್ಯಾಯವಾಗಲಾರದು. ಯಾವ ಓಣಿಯ ಕೊಳವೆಬಾವಿ ಬೇಸಗೆಯಲ್ಲಿ ಕೈಕೊಡುತ್ತದೆ, ಯಾವ ಸಾಲಿನ ಮನೆಗಳ ಹಿಂದೆ ರಾಜಕಾಲುವೆ ಹಾದುಹೋಗುತ್ತದೆ, ಯಾವ ಮನೆಯ ಪಾಲುಪಟ್ಟಿಗೆ ಹೆಣ್ಣುಮಕ್ಕಳ ಸಹಿ ಬಿದ್ದಿಲ್ಲ ಎಂಬುದನ್ನು ಬಲ್ಲವನು ಅನುಭವಿಯಾದ ದಲ್ಲಾಳಿಯೇ ಹೊರತು ಯಾವ ಕೋಷ್ಟಕವೂ ಅಲ್ಲ. ಶುಂಠಿಗೆ ಒಳ್ಳೆಯ ಬೆಲೆ ಬಂದ ವರ್ಷ ಅರಕಲಗೂಡಿನ ಕಡೆಯಿಂದ ಹಾಸನಕ್ಕೆ ನಿವೇಶನ ಹುಡುಕಿ ಬರುವವರು ಹೆಚ್ಚುವರೆಂಬುದನ್ನೂ, ರಾಮನಾಥಪುರದ ತಂಬಾಕು ಹರಾಜು ಸಪ್ಪಗಾದರೆ ಮುಂಗಡ ಕೊಟ್ಟವರೂ ಹಿಂದೆಗೆಯುವರೆಂಬುದನ್ನೂ ಆತನು ಪತ್ರಿಕೆ ಓದದೆಯೇ ತಿಳಿದಿರುತ್ತಾನೆ. ಸ್ಥಳೀಯ ಜ್ಞಾನದ ದೃಷ್ಟಿಯಿಂದ ನೋಡಿದರೆ ಈ ಪದ್ಧತಿ ಗೌರವಾರ್ಹವಾದದ್ದೇ ಸರಿ. ಆದರೆ ಜ್ಞಾನವಿರುವುದು ಬೇರೆ, ಆ ಜ್ಞಾನವನ್ನು ಯಾರ ಹಿತಕ್ಕಾಗಿ ಪ್ರಯೋಗಿಸಲಾಗುತ್ತಿದೆ ಎಂಬುದು ಬೇರೆ.

ಮೊದಲನೆಯ ದೋಷ ಹುಟ್ಟುವುದು ಮಾಲೀಕನನ್ನು ಒಲಿಸಿಕೊಳ್ಳುವ ಅವಸರದಲ್ಲಿ. ನಮ್ಮ ಪಟ್ಟಣಗಳಲ್ಲಿ ಒಂದೇ ಮನೆಯನ್ನು ನಾಲ್ವರು ದಲ್ಲಾಳಿಗಳಿಗೆ ಒಪ್ಪಿಸುವುದು ವಾಡಿಕೆಯಾದ್ದರಿಂದ, ನಲವತ್ತೈದೆಂದು ಸತ್ಯ ನುಡಿದವನಿಗಿಂತ ಐವತ್ತೈದು ಬರುತ್ತದೆಂದು ಆಸೆ ಹುಟ್ಟಿಸಿದವನೇ ಮಾಲೀಕನ ಕಣ್ಣಿಗೆ ಸಮರ್ಥನಾಗಿ ಕಾಣುತ್ತಾನೆ. ಮೂರು ತಿಂಗಳು ಕಳೆದು, ನೋಡಲು ಬಂದವರೆಲ್ಲ ಮತ್ತೆ ಬಾರದೆ ಹೋದ ಮೇಲೆ, "ಮಾರ್ಕೆಟ್ ಡಲ್ ಆಗಿದೆ" ಎಂಬ ಪೀಠಿಕೆಯೊಡನೆ ಬೆಲೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಎರಡನೆಯ ಅಂಕ ಪ್ರಾರಂಭವಾಗುವುದು. ಅಷ್ಟರಲ್ಲಿ ಆ ಮನೆಗೆ "ಬಹಳ ದಿನದಿಂದ ಹೋಗದೆ ಉಳಿದದ್ದು" ಎಂಬ ಹೆಸರು ಬಂದು, ಮೊದಲೇ ಯೋಗ್ಯ ಬೆಲೆ ಹೇಳಿದ್ದರೆ ದೊರೆಯಬಹುದಾಗಿದ್ದುದಕ್ಕಿಂತಲೂ ಕಡಿಮೆಗೆ ಕೈಬಿಡಬೇಕಾದ ಪ್ರಸಂಗ ಅಪರೂಪವಲ್ಲ.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಹೇಳಿದ ಬೆಲೆಯು ಕೇಳುವವನ ವಿವೇಚನೆಯನ್ನು ಮಾತ್ರವಲ್ಲದೆ ಹೇಳಿದವನ ವಿವೇಚನೆಯನ್ನೂ ಕಟ್ಟಿಹಾಕುತ್ತದೆ. ಅಮೆರಿಕದ ಟೂಸಾನ್ ನಗರದಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬ ವಿದ್ವಾಂಸರು ಒಂದೇ ಮನೆಯನ್ನು ಅನುಭವಿಗಳಾದ ದಲ್ಲಾಳಿಗಳಿಗೆ ತೋರಿಸಿ, ವಿವರಗಳನ್ನೆಲ್ಲ ಒಂದೇ ಬಗೆಯಾಗಿಟ್ಟು, ಮಾಲೀಕನು ಹೇಳುವ ಬೆಲೆಯನ್ನು ಮಾತ್ರ ಒಬ್ಬೊಬ್ಬರಿಗೆ ಒಂದೊಂದಾಗಿ ಕೊಟ್ಟು ಪರೀಕ್ಷಿಸಿದರು. 1987ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ, ಹೆಚ್ಚಿನ ಬೆಲೆಯನ್ನು ಕಂಡವರು ಮನೆಗೆ ಹೆಚ್ಚಿನ ಮೌಲ್ಯವನ್ನೇ ಕಟ್ಟಿದರು, ಆದರೆ ಆ ಅಂಕಿ ತಮ್ಮ ಎಣಿಕೆಯ ಮೇಲೆ ಪ್ರಭಾವ ಬೀರಿತೆಂಬುದನ್ನು ಅವರಲ್ಲಿ ಬಹುಮಂದಿ ಒಪ್ಪಲಿಲ್ಲ. ದಲ್ಲಾಳಿಯು ತಾನು ಮನೆಯನ್ನು ನೋಡಿ ಬೆಲೆ ಹೇಳುತ್ತೇನೆಂದು ನಂಬಿರುವಾಗಲೂ, ಅನೇಕ ವೇಳೆ ಬೆಲೆಯನ್ನು ಕೇಳಿಯೇ ಮನೆಯನ್ನು ನೋಡುತ್ತಿರುತ್ತಾನೆ.

ಮೂರನೆಯದು ಹಿತಾಸಕ್ತಿಯ ದೋಷ. ನೂರಕ್ಕೆ ಎರಡರಂತೆ ಕಮಿಷನ್ ಎಂದಿಟ್ಟುಕೊಂಡರೆ 45 ಲಕ್ಷದ ವ್ಯಾಪಾರದಲ್ಲಿ ದಲ್ಲಾಳಿಗೆ ಒಂದು ಕಡೆಯಿಂದ ದೊರೆಯುವುದು 90,000 ರೂಪಾಯಿ. ಇನ್ನೆರಡು ತಿಂಗಳು ಕಾದು ಎರಡು ಲಕ್ಷ ಹೆಚ್ಚು ತಂದರೆ ಮಾಲೀಕನಿಗೆ ಎರಡು ಲಕ್ಷ, ದಲ್ಲಾಳಿಗೆ ಕೇವಲ 4,000. ಹೀಗಿರುವಾಗ ಆತನು ಇಂದೇ ಮುಗಿಯಲೆಂದು ಬಯಸುವುದರಲ್ಲಿ ಆಶ್ಚರ್ಯವೇನಿದೆ? ಲೆವಿಟ್ ಮತ್ತು ಸೈವರ್ಸನ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದ ದಲ್ಲಾಳಿಗಳು ತಮ್ಮ ಸ್ವಂತ ಮನೆಗಳನ್ನು ಮಾರುವಾಗ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾದು, ಶೇಕಡಾ 3.7ರಷ್ಟು ಹೆಚ್ಚಿನ ಬೆಲೆಯನ್ನು ಪಡೆದರು. ಕಾಯುವುದರ ಪ್ರಯೋಜನ ಅವರಿಗೆ ಚೆನ್ನಾಗಿಯೇ ತಿಳಿದಿತ್ತೆಂದಾಯಿತು. ನಮ್ಮಲ್ಲಿ ಇದಕ್ಕಿಂತ ಕೆಟ್ಟದಾದ ಕ್ರಮವೊಂದುಂಟು: "ನನ್ನ ಕೈಗೆ ನಲವತ್ತೈದು ಬರಲಿ, ಮೇಲೆ ಬಂದದ್ದು ನಿನ್ನದು" ಎಂದು ಮಾಲೀಕನು ಹೇಳಿಬಿಡುವುದು. ಆ ಕ್ಷಣದಿಂದ ದಲ್ಲಾಳಿಯು ಮಧ್ಯಸ್ಥನಾಗಿ ಉಳಿಯದೆ ಗುಪ್ತ ವ್ಯಾಪಾರಿಯಾಗುತ್ತಾನೆ. ಹಾಗಿದ್ದೂ ಕೊಳ್ಳುವವನಿಂದ ಮಧ್ಯಸ್ಥನ ಕಮಿಷನ್ನನ್ನು ವಸೂಲು ಮಾಡುವುದನ್ನು ಮಾತ್ರ ಬಿಡನು. ಇದನ್ನು ಯಾವ ನೀತಿಯಿಂದಲೂ ಸಮರ್ಥಿಸಲಾಗದು.

ಭವಿಷ್ಯದ ಆಶೆಯನ್ನು ವರ್ತಮಾನದ ಬೆಲೆಗೆ ಸೇರಿಸುವುದೂ ಈ ವೃತ್ತಿಯ ಒಂದು ಚಾಳಿ. 2017ರಲ್ಲಿ ಶ್ರವಣಬೆಳಗೊಳದ ಮಾರ್ಗವಾಗಿ ಬೆಂಗಳೂರಿಗೆ ರೈಲು ಓಡಿದ್ದು ಪ್ರತ್ಯಕ್ಷ ಸಂಗತಿ. ಅದಕ್ಕಾಗಿ ಚನ್ನರಾಯಪಟ್ಟಣದಲ್ಲಿ ನಾಲ್ಕು ಕಾಸು ಹೆಚ್ಚು ಕೇಳಿದರೆ ಅರ್ಥವುಂಟು. ಆದರೆ ಹಾಸನದ ಬಳಿಯ ಬೂವನಹಳ್ಳಿಯ ವಿಮಾನ ನಿಲ್ದಾಣಕ್ಕೆ 2007ರಲ್ಲಿ ಶಂಕುಸ್ಥಾಪನೆಯಾದದ್ದೇ ತಡ, ಕಾಮಗಾರಿ ವರ್ಷಗಟ್ಟಲೆ ಸ್ತಬ್ಧವಾಗಿದ್ದರೂ, ಸುತ್ತಣ ನಿವೇಶನಗಳನ್ನು ತೋರಿಸುವವರ ಬಾಯಲ್ಲಿ ವಿಮಾನ ಹಾರುತ್ತಲೇ ಇತ್ತು.

ಇಷ್ಟು ದೋಷಗಳಿದ್ದೂ ದಲ್ಲಾಳಿಯ ಮಾತಿಗೆ ಇಷ್ಟು ಬೆಲೆ ಏಕೆ? ವಿಚಾರದ ಮರ್ಮವಿರುವುದು ಇಲ್ಲಿ. ಕರ್ನಾಟಕ ಮುದ್ರಾಂಕ ಕಾಯಿದೆ 1957ರ 45-ಬಿ ಪ್ರಕರಣದ ಮೇರೆಗೆ ಕೇಂದ್ರ ಮೌಲ್ಯಮಾಪನ ಸಮಿತಿಯು ಬೀದಿವಾರು ಮಾರ್ಗಸೂಚಿ ದರಗಳನ್ನು ಗೊತ್ತುಪಡಿಸುತ್ತದೆ; 2023ರ ಅಕ್ಟೋಬರ್ 1ರಂದು ಪರಿಷ್ಕೃತ ದರಗಳು ರಾಜ್ಯದಲ್ಲೆಲ್ಲ ಜಾರಿಗೆ ಬಂದವು. ಬರೆದ ಬೆಲೆ ಅದಕ್ಕಿಂತ ಕಡಿಮೆಯಿರಬಾರದೆಂಬ ಉದ್ದೇಶದಿಂದ ಮಾಡಿದ ಈ ಕನಿಷ್ಠ ಮಿತಿಯನ್ನು ಜನರು ಗರಿಷ್ಠ ಮಿತಿಯೆಂಬಂತೆ ಬಳಸುತ್ತಾರೆ. 45 ಲಕ್ಷ ಕೈಬದಲಾಯಿಸಿದಲ್ಲಿ ಮಾರ್ಗಸೂಚಿಯಂತೆ 30 ಲಕ್ಷವೆಂದು ಕ್ರಯಪತ್ರವಾಗುತ್ತದೆ. ಮುದ್ರಾಂಕ ಶುಲ್ಕ ಶೇಕಡಾ 5, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇಕಡಾ 2 ಆಗಿರುವಾಗ, ಮುಚ್ಚಿಟ್ಟ 15 ಲಕ್ಷದಿಂದ ಕೊಂಡವನಿಗೆ ಒಂದು ಲಕ್ಷಕ್ಕೆ ಮಿಕ್ಕು ಉಳಿತಾಯ; ಮಾರಿದವನಿಗೆ ಲಾಭದ ಮೇಲಣ ತೆರಿಗೆಯಲ್ಲಿ ಉಳಿತಾಯ. ಬ್ಯಾಂಕಿನ ಸಾಲದಿಂದ ಕೊಳ್ಳುವ ಸಂಬಳದಾರರ ಪತ್ರಗಳು ಸತ್ಯಕ್ಕೆ ಸ್ವಲ್ಪ ಸಮೀಪವಾಗಿರುತ್ತವೆ, ನಿಜ. ಆದರೆ ನಗದಿನ ವ್ಯವಹಾರವೇ ಹೆಚ್ಚಾದೆಡೆ, ಯಾರು ಬೇಕಾದರೂ ತೆಗೆಸಬಹುದಾದ ಋಣಭಾರ ಪತ್ರದಲ್ಲಿ ಕಾಣುವ ಮೊತ್ತ ಮಾರುಕಟ್ಟೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಸಾರ್ವಜನಿಕ ದಾಖಲೆ ಸುಳ್ಳಾದ ಮೇಲೆ, ನೆರೆಯ ಬೀದಿಯ ಮನೆ ವಾಸ್ತವವಾಗಿ ಎಷ್ಟಕ್ಕೆ ಹೋಯಿತೆಂಬುದನ್ನು ಬಲ್ಲವನು ಆ ವ್ಯಾಪಾರವನ್ನು ಕುದುರಿಸಿದ ದಲ್ಲಾಳಿಯೊಬ್ಬನೇ. ಆತನು ಆ ಅಂಕಿಯನ್ನು ತನಗೆ ಬೇಕಾದಂತೆ ಹಿಗ್ಗಿಸಿ ಹೇಳಿದರೂ ಅದನ್ನು ತಾಳೆ ನೋಡುವ ಉಪಾಯವಿಲ್ಲ. ಅವನ ಅಧಿಕಾರವನ್ನು ಅವನು ಕಸಿದುಕೊಂಡದ್ದಲ್ಲ, ನಾವೇ ಸಹಿ ಹಾಕಿ ಕೊಟ್ಟಿದ್ದೇವೆ.

ಇದಕ್ಕೆ ಪ್ರತಿಯಾದ ಸ್ಥಿತಿಯನ್ನು ಕಾಣಬೇಕಾದರೆ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಂಥ ಹೋಬಳಿ ಊರಿನ ಕಡೆ ನೋಡಬೇಕು. ಅಂಥಲ್ಲಿ ಮನೆಗಳು ಮಾರಾಟವಾಗುವುದು ವಿರಳ. ಆದದ್ದೂ ಬಹುಮಟ್ಟಿಗೆ ಪಾಲಿನ ಸಂಬಂಧವಾಗಿಯೋ, ಹಿತ್ತಲನ್ನು ಕೂಡಿಸಿಕೊಳ್ಳಬಯಸುವ ನೆರೆಯವನಿಗೋ ಆಗುತ್ತದೆ. ಚದರಡಿಯ ಲೆಕ್ಕಕ್ಕಿಂತ ಕೊಡುವವನ ಗರಜೂ ಕೊಳ್ಳುವವನ ಆಸೆಯೂ ಅಲ್ಲಿ ಬೆಲೆಯನ್ನು ಕಟ್ಟುತ್ತವೆ. ಆದರೆ ಹಿಂದಿನ ಕ್ರಯ ಎಷ್ಟಕ್ಕಾಯಿತೆಂಬುದು ಜಗಲಿಯ ಮೇಲೆ ಕೂತವರಿಗೆಲ್ಲ ಗೊತ್ತಿರುವುದರಿಂದ ಮಧ್ಯಸ್ಥನು ಎರಡು ಕಡೆಯವರನ್ನು ಕೂರಿಸಿ ಮಾತಾಡಿಸುವ ಹಿರಿಯನಷ್ಟೇ ಆಗಿರುತ್ತಾನೆ; ಬೆಲೆಯನ್ನು ಸೃಷ್ಟಿಸುವ ಶಕ್ತಿ ಅವನಿಗಿಲ್ಲ. ಎಲ್ಲರಿಗೂ ತಿಳಿದಲ್ಲಿ ಸೇವಕನಾಗಿರುವ ದಲ್ಲಾಳಿಯೇ ಯಾರಿಗೂ ತಿಳಿಯದಲ್ಲಿ ಯಜಮಾನನಾಗುತ್ತಾನೆ.

ಪ್ರಾಚೀನರು ಈ ತತ್ತ್ವವನ್ನು ಬಲ್ಲವರಾಗಿದ್ದರು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಮನೆ ಮಾರುವ ವಿಧಿಯಿದೆ: ನೆರೆಹೊರೆಯವರ ಸಮಕ್ಷಮದಲ್ಲಿ, ಮನೆಯ ಮುಂದೆಯೇ, ಎಲ್ಲೆಗಳನ್ನು ಇದ್ದಂತೆ ಹೇಳಿ, ಈ ಬೆಲೆಗೆ ಕೊಳ್ಳುವವರಾರೆಂದು ಮೂರು ಬಾರಿ ಸಾರಬೇಕು, ಕೊಳ್ಳುವವರ ಸ್ಪರ್ಧೆಯಿಂದ ಬೆಲೆ ಏರಿದರೆ ಆ ಹೆಚ್ಚಳ ಶುಲ್ಕದೊಡನೆ ರಾಜಕೋಶಕ್ಕೆ ಸೇರಬೇಕು. ಹೆಚ್ಚಳವನ್ನು ರಾಜನು ನುಂಗುವುದು ನಮಗೆ ಹಿತವೆನಿಸದಿರಬಹುದು. ಆದರೂ ಆ ನಿಯಮದ ಪರಿಣಾಮವನ್ನು ಗಮನಿಸತಕ್ಕದ್ದು: ಕಡಿಮೆ ಹೇಳಿದವನಿಗೆ ಏರಿಕೆಯಲ್ಲಿ ಪಾಲಿಲ್ಲ, ಅತಿಯಾಗಿ ಹೇಳಿದವನಿಗೆ ಕೊಳ್ಳುವವರಿಲ್ಲ. ಆದುದರಿಂದ ಮೊದಲ ಸಲವೇ ಯಥಾರ್ಥವಾದುದನ್ನು ಹೇಳುವುದರಲ್ಲಿಯೇ ಮಾರುವವನ ಹಿತವಿತ್ತು.

ನಮ್ಮ ಕಾಲದ ಕಾನೂನು ಯಥಾರ್ಥ ಬೆಲೆಯನ್ನು ಹೊರತರುವ ಈ ಕೆಲಸವನ್ನು ಅರ್ಧಕ್ಕೇ ಬಿಟ್ಟಿದೆ. ಸ್ಥಿರಾಸ್ತಿ ವ್ಯವಹಾರಗಳನ್ನು ನಿಯಂತ್ರಿಸುವ 2016ರ ರೇರಾ ಕಾಯಿದೆಯು ದಲ್ಲಾಳಿಗಳ ನೋಂದಣಿಯನ್ನು ವಿಧಿಸಿದ್ದರೂ, ಅದರ ವ್ಯಾಪ್ತಿ ಪ್ರವರ್ತಕರು ಮಾರುವ ನೋಂದಾಯಿತ ಯೋಜನೆಗಳಿಗೆ ಸೀಮಿತವಾದದ್ದು; ಹೊಳೆನರಸೀಪುರದ ಹಳೆಯ ಹೆಂಚಿನ ಮನೆಯೊಂದನ್ನು ಮಾರಿಸಿಕೊಡುವವನನ್ನು ಅದು ಮುಟ್ಟುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1995ರಿಂದೀಚೆಗೆ ಮಾರಾಟವಾದ ಮನೆಗಳಿಗೆ ಕೊಟ್ಟ ಬೆಲೆಯನ್ನು ಭೂನೋಂದಣಿ ಇಲಾಖೆ ಪ್ರಕಟಿಸುತ್ತದೆ. ನಮ್ಮಲ್ಲಿಯೂ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶ ಇದೆ, ಪತ್ರಗಳು ಗಣಕದಲ್ಲಿವೆ. ಇಲ್ಲದಿರುವುದು ಅವುಗಳೊಳಗಿನ ಸತ್ಯ. ಶುಲ್ಕದ ದರವನ್ನು ಏರಿಸುತ್ತ ಹೋದಂತೆ ಸತ್ಯ ನುಡಿಯುವುದರ ವೆಚ್ಚವೂ ಏರುತ್ತದೆಂಬುದನ್ನು ಸರ್ಕಾರ ಮನಗಾಣಬೇಕು.

ಒಟ್ಟಿನಲ್ಲಿ ಈ ಪದ್ಧತಿಯನ್ನು ಕುರಿತು ನನ್ನ ತೀರ್ಮಾನವಿಷ್ಟು: ಮನೆಯ ಗುಣಾವಗುಣಗಳನ್ನು ಗುರುತಿಸುವುದರಲ್ಲಿ ದಲ್ಲಾಳಿ ನಿಪುಣ, ಅವನ್ನು ಅಂಕಿಯಾಗಿ ಪರಿವರ್ತಿಸುವಲ್ಲಿ ಆತನು ತನ್ನ ಅಗತ್ಯಕ್ಕೂ ಮಾಲೀಕನ ಆಸೆಗೂ ಅಧೀನ. ಅವನಿಗೆ ನಿಗದಿಯಾದ ಪ್ರತಿಫಲವನ್ನು ಮೊದಲೇ ಬರವಣಿಗೆಯಲ್ಲಿ ನಿಷ್ಕರ್ಷಿಸಿ, "ಮೇಲೆ ಬಂದದ್ದು ನಿನ್ನದು" ಎಂಬ ಒಪ್ಪಂದವನ್ನು ತೊರೆದು, ಹೇಳುವ ಬೆಲೆಗೆ ಆಧಾರವಾದ ಮೂರು ಇತ್ತೀಚಿನ ಕ್ರಯಗಳನ್ನು ತೋರಿಸೆಂದು ಕೇಳುವುದು ಮಾರುವವರೂ ಕೊಳ್ಳುವವರೂ ಇಂದೇ ಮಾಡಬಹುದಾದ ಕೆಲಸ. ಆದರೆ ಆ ಮೂರು ಕ್ರಯಪತ್ರಗಳಲ್ಲಿ ಬರೆದಿರುವುದು ನಿಜವಾಗಿದ್ದರೆ ಮಾತ್ರ ಆ ಪ್ರಶ್ನೆಗೆ ಬಲ ಬರುವುದು. ತನ್ನ ಪತ್ರದಲ್ಲಿ ಮೂವತ್ತೆಂದು ಬರೆಯಿಸಿ ನಲವತ್ತೈದು ಎಣಿಸಿಕೊಂಡವನು, ನೆರೆಮನೆಗೆ ದಲ್ಲಾಳಿ ಹೇಳಿದ ಬೆಲೆ ಸುಳ್ಳೆಂದು ದೂರುವ ಹಕ್ಕನ್ನು ಆ ಸಹಿಯೊಡನೆಯೇ ಬಿಟ್ಟುಕೊಟ್ಟಿರುತ್ತಾನೆ.