ಕಾಲು ಒದ್ದೆಯಾಗದ ನಡಿಗೆ

ಹುಳಿಯಾರು ಕೆರೆಯ ಅಂಚು, ಬೋರನಕಣಿವೆ ಜಲಾಶಯದ ಗಾಳಿ ತಾಕದ ಮೂಲೆ, ತೆಂಗಿನ ತೋಟದ ನೀರಿನ ತೊಟ್ಟಿ, ಇಂಥ ಕಡೆಗಳಲ್ಲಿ ನೀರಿನ ಮೇಲೆ ಸರ್ರನೆ ಜಾರುವ ಉದ್ದಗಾಲಿನ ಹುಳುವನ್ನು ಜೇಡವೆಂದು ತಿಳಿಯುವವರೇ ಹೆಚ್ಚು. ಆದರೆ ಇದಕ್ಕಿರುವುದು ಆರೇ ಕಾಲು. ತಿಗಣೆಯ ಬಳಗಕ್ಕೆ ಸೇರಿದ, ಜೆರಿಡೇ ಕುಟುಂಬದ ಕೀಟವಿದು. ಪುಸ್ತಕಗಳಲ್ಲಿ ವಾಟರ್ ಸ್ಟ್ರೈಡರ್ ಎಂಬ ಹೆಸರಿದೆ.

ಕೆರೆಗೆ ಬಿದ್ದ ತೆಂಗಿನಕಾಯಿ ತೇಲುವುದಕ್ಕೂ ಈ ಹುಳು ನಿಲ್ಲುವುದಕ್ಕೂ ಕಾರಣ ಬೇರೆ ಬೇರೆ. ಕಾಯಿ ಅರ್ಧ ಮುಳುಗಿ, ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಿ ತೇಲುತ್ತದೆ. ಹುಳು ಮುಳುಗುವುದೇ ಇಲ್ಲ. ನೀರಿನ ಒಳಗಿನ ಅಣುವನ್ನು ಸುತ್ತಲಿನ ಅಣುಗಳು ಎಲ್ಲ ದಿಕ್ಕಿಗೂ ಎಳೆಯುತ್ತವೆ. ಮೇಲ್ಪದರದ ಅಣುವಿಗೆ ಮೇಲುಗಡೆಯಿಂದ ಅಂಥ ಜೊತೆಯಿಲ್ಲ. ಹಾಗಾಗಿ ಮೇಲ್ಮೈ ಆದಷ್ಟು ಕುಗ್ಗಲು ನೋಡುತ್ತದೆ. ಇದೇ ಮೇಲ್ಮೈ ಎಳೆತ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಕಾಲು ಒತ್ತಿದಲ್ಲಿ ನೀರು ತಗ್ಗುತ್ತದೆ, ತಗ್ಗಿನ ಓರೆ ಅಂಚು ಕಾಲನ್ನು ಮೇಲಕ್ಕೆತ್ತುತ್ತದೆ.

ಈ ಬಲ ಸಿಗುವುದು ಕಾಲು ನೀರಿಗೆ ತಾಗುವ ಗೆರೆಯ ಉದ್ದಕ್ಕೆ ತಕ್ಕಂತೆ. ಹತ್ತು ಮಿಲಿಗ್ರಾಂ ತೂಗುವ ಹುಳುವಿಗೆ ಒಂದೂವರೆ ಮಿಲಿಮೀಟರಿನಷ್ಟು ಗೆರೆ ಸಾಕು, ಅದಕ್ಕಿರುವುದು ಅದಕ್ಕಿಂತ ಎಷ್ಟೋ ಹೆಚ್ಚು. ಅರವತ್ತು ಕಿಲೋ ತೂಗುವ ಮನುಷ್ಯ ಹೀಗೆ ನಿಲ್ಲಬೇಕಾದರೆ ಪಾದದ ಸುತ್ತಳತೆ ಎಂಟು ಕಿಲೋಮೀಟರ್ ಮೀರಬೇಕು. ನೀರಿನ ಮೇಲೆ ನಡೆದ ಸಿದ್ಧಪುರುಷರ ಕತೆಗಳು ಈ ಲೆಕ್ಕದ ಹೊರಗಿನವು.

ಹಗುರವಾಗಿದ್ದರಷ್ಟೇ ಸಾಲದು. ಒದ್ದೆಯಾದ ಇರುವೆ ನೀರಿಗೆ ಅಂಟಿ ಒದ್ದಾಡುವುದನ್ನು ಎಲ್ಲರೂ ಕಂಡಿದ್ದಾರೆ. ಸ್ಟ್ರೈಡರಿನ ಕಾಲಿನ ತುಂಬ ಮೇಣ ಲೇಪಿಸಿದ ಅತಿ ಸೂಕ್ಷ್ಮ ಕೂದಲುಗಳಿವೆ, ಕೂದಲಿನ ಮೇಲೂ ಸಣ್ಣ ಗೀರುಗಳಿವೆ. ಅವುಗಳ ನಡುವೆ ಗಾಳಿ ಸಿಕ್ಕಿಕೊಂಡು ನೀರನ್ನು ದೂರವಿಡುತ್ತದೆ. 2004ರಲ್ಲಿ ಚೀನಾದ ವಿಜ್ಞಾನಿಗಳು ಅಳೆದು ನೋಡಿದಾಗ, ಒಂದೇ ಕಾಲು ಹುಳುವಿನ ತೂಕದ ಸುಮಾರು ಹದಿನೈದು ಪಟ್ಟು ತಾಳಿತು. ಮಳೆಹನಿ ಬಡಿಯುವ ಕೆರೆಯಲ್ಲಿ ಬಾಳಬೇಕಾದ ಜೀವಿಗೆ ಇದು ದುಂದುಗಾರಿಕೆಯಲ್ಲ.

ಇನ್ನು ಓಟ. ದೋಣಿಯ ಹುಟ್ಟಿನಂತೆ ನೀರನ್ನು ತಳ್ಳುವುದು ನಡುವಿನ ಜೋಡಿ ಕಾಲು. ಹಿಂದಿನವು ದಿಕ್ಕು ಹಿಡಿಯುತ್ತವೆ, ಮುಂದಿನ ಗಿಡ್ಡ ಕಾಲುಗಳು ಬೇಟೆ ಹಿಡಿಯುತ್ತವೆ. ಕಾಲು ಎಬ್ಬಿಸಿದ ಅಲೆಗಳನ್ನು ಹಿಂದೊತ್ತಿಯೇ ಹುಳು ಮುಂದೆ ಹೋಗುತ್ತದೆ ಎಂಬ ನಂಬಿಕೆ ಬಹಳ ಕಾಲವಿತ್ತು. ಆದರೆ ಮರಿಹುಳುವಿನ ಕಾಲಿಗೆ ಅಲೆ ಎಬ್ಬಿಸುವಷ್ಟು ವೇಗವೇ ಇಲ್ಲ, ಆದರೂ ಅದು ಓಡುತ್ತದೆ! 2003ರಲ್ಲಿ ಅಮೆರಿಕದ ಎಂಐಟಿಯ ಡೇವಿಡ್ ಹೂ, ಬ್ರಯಾನ್ ಚಾನ್, ಜಾನ್ ಬುಷ್ ನೀರಿಗೆ ಬಣ್ಣ ಬೆರೆಸಿ ಈ ಒಗಟು ಬಿಡಿಸಿದರು: ಪ್ರತಿ ಒದೆತಕ್ಕೂ ಮೇಲ್ಮೈಯ ಕೆಳಗೆ ಪುಟ್ಟ ಸುಳಿಗಳು ಹುಟ್ಟಿ ಹಿಂದಕ್ಕೆ ಸಾಗುತ್ತವೆ, ಹುಳುವನ್ನು ಮುಖ್ಯವಾಗಿ ಮುಂದೆ ತಳ್ಳುವುದು ಅವೇ.

ನೋಡುವ ಹವ್ಯಾಸವುಳ್ಳವರಿಗೆ ಕೆರೆಗಿಂತ ತೋಟದ ತೊಟ್ಟಿ ಮೇಲು. ತಿಳಿನೀರು, ಹೆಚ್ಚು ಆಳವಿಲ್ಲದ ತಳ, ಎಳೆಬಿಸಿಲು ಇದ್ದರೆ ತೊಟ್ಟಿಯ ತಳದಲ್ಲಿ ಹುಳುವಿನ ನೆರಳು ಬೀಳುತ್ತದೆ. ಕಾಲು ದಾರದಷ್ಟು ತೆಳು, ಅದರ ತುದಿಯ ನೆರಳು ಮಾತ್ರ ದಪ್ಪ ಬೊಟ್ಟು, ಅದಕ್ಕೊಂದು ಹೊಳೆಯುವ ಅಂಚು. ತಗ್ಗಿದ ನೀರು ಬೆಳಕನ್ನು ಚದುರಿಸುವುದರಿಂದ ಹೀಗಾಗುತ್ತದೆ. ಕಣ್ಣಿಗೆ ಕಾಣದ ತಗ್ಗನ್ನು ನೋಡಲು ಇದಕ್ಕಿಂತ ಒಳ್ಳೆಯ ಉಪಕರಣ ಬೇಕಿಲ್ಲ.

ಸೋಪು ಬೆರೆತರೆ ನೀರಿನ ಎಳೆತ ಅರ್ಧಕ್ಕೂ ಕೆಳಗಿಳಿಯಬಹುದು, ಆಗ ಹುಳು ನಿಲ್ಲಲಾರದು. ಔಷಧಿ ಎಲೆಗೆ ಹರಡಿ ಹಿಡಿಯಲೆಂದು ಬೆರೆಸುವ ಅಂಟುದ್ರಾವಣಗಳ ಕೆಲಸವೂ ಎಳೆತವನ್ನು ತಗ್ಗಿಸುವುದೇ. ಸಿಂಪಡಿಸುವ ಪಂಪನ್ನು ತೊಟ್ಟಿಗೋ ಕೆರೆಗೋ ಅದ್ದಿ ತೊಳೆಯದೆ, ನೀರನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ದೂರ ಒಯ್ದು ತೊಳೆಯಿರಿ.